ಅಪರೂಪದ ಬರ್ಬನ್: ಹುಡುಕಾಟಕ್ಕೂ ರುಚಿಗೂ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರವು. ಉಳಿದವು ಬೆಂಗಳೂರು, ಶಿವಮೊಗ್ಗ, ದುಬೈ ಕಡೆಯವು. ಅಮೆರಿಕದ ಮೆಕ್ಕೆಜೋಳದ ವಿಸ್ಕಿಯಾದ ಬರ್ಬನ್‌ನಲ್ಲಿ ಹೆಸರು ಕೇಳಿದ ಬಾಟಲಿ ಸಿಗುತ್ತಿಲ್ಲ, ಸಿಕ್ಕರೂ ಹೇಳುವ ಬೆಲೆಗೆ ತಕ್ಕ ರುಚಿ ಅದರಲ್ಲಿದೆಯೋ ಇಲ್ಲವೋ ತಿಳಿಯುತ್ತಿಲ್ಲ ಎಂಬುದು ಬಹುಪಾಲು ಎಲ್ಲರ ದೂರು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ವೆಲ್ಲರ್, ಬ್ಲಾಂಟನ್ಸ್, ಇ.ಎಚ್. ಟೇಲರ್ ಮೂರರಲ್ಲಿ ಒಂದನ್ನೂ ನಮ್ಮೂರಿನ ಅಂಗಡಿಯಲ್ಲಿ ಕಂಡಿಲ್ಲ. ಟೆಕ್ಸಾಸಿನಲ್ಲಿರುವ ಗೆಳೆಯನ ಮನೆಯಲ್ಲಿ ಮೂರೂ ಇವೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?
(ರಿಚ್ಮಂಡ್, ವರ್ಜೀನಿಯಾ)

ಉತ್ತರ: ನಿಮ್ಮ ತಪ್ಪೇನಿಲ್ಲ. ನಿಮ್ಮ ರಾಜ್ಯದ ಮಾರಾಟ ವ್ಯವಸ್ಥೆ ಬೇರೆ, ಅವರದು ಬೇರೆ. 1933ರಲ್ಲಿ ಪಾನನಿಷೇಧ ಹೋದಾಗ ಮದ್ಯ ಮಾರುವ ಬಗೆಯನ್ನು ಆಯಾ ರಾಜ್ಯಗಳೇ ತೀರ್ಮಾನಿಸಲಿ ಎಂದಾಯಿತು. ಟೆಕ್ಸಾಸಿನಂಥ ರಾಜ್ಯದಲ್ಲಿ ತಯಾರಕರು ವಿತರಕರಿಗೆ ಮಾರುತ್ತಾರೆ, ವಿತರಕರು ಖಾಸಗಿ ಅಂಗಡಿಗೆ ಮಾರುತ್ತಾರೆ. ವರ್ಜೀನಿಯಾ, ಪೆನ್ಸಿಲ್ವೇನಿಯಾ, ಒಹಾಯೊ, ನಾರ್ತ್ ಕ್ಯಾರೊಲಿನಾದಂಥ ಕಡೆ ವಿಸ್ಕಿಯಂಥ ಬಟ್ಟಿಯಿಳಿಸಿದ ಮದ್ಯದ ಮಾರಾಟ ಸರ್ಕಾರದ ಕೈಯಲ್ಲಿದೆ. ಹುಡುಕುವ ದಾರಿಯೂ ಅದಕ್ಕೆ ತಕ್ಕಂತೆ ಬದಲಾಗಬೇಕು.

ವರ್ಜೀನಿಯಾದಲ್ಲಿ ಅಂಗಡಿಯವರ ಸ್ನೇಹ ಬೆಳೆಸಿ ಹೆಚ್ಚು ಉಪಯೋಗವಿಲ್ಲ, ಬೆಲೆ ನಿಗದಿ ಮಾಡುವುದು ಸರ್ಕಾರ. ಅಲ್ಲಿ ಲಾಟರಿಯೇ ಮುಖ್ಯ ದಾರಿ. ರಾಜ್ಯ ಮದ್ಯ ಪ್ರಾಧಿಕಾರದ ಇ-ಮೇಲ್ ಪಟ್ಟಿಗೆ ಹೆಸರು ಸೇರಿಸಿ. ಲಾಟರಿ ಕೆಲವೇ ದಿನ ತೆರೆದಿರುತ್ತದೆ, ಆ ಅವಧಿಯೊಳಗೇ ಅರ್ಜಿ ಹಾಕಬೇಕು. ಗೆದ್ದರೆ ಗಡುವಿನೊಳಗೆ ಗುರುತಿನ ಚೀಟಿ ಹಿಡಿದು ಹೋಗಿ ನಿಗದಿತ ಬೆಲೆಗೆ ಕೊಳ್ಳಬಹುದು. ಬಹಳ ಮಂದಿ ಪ್ಯಾಪಿ ವ್ಯಾನ್ ವಿಂಕಲ್ ಬಂದಾಗ ಮಾತ್ರ ಅರ್ಜಿ ಹಾಕಿ ಉಳಿದ ಲಾಟರಿಗಳನ್ನು ಬಿಟ್ಟುಬಿಡುತ್ತಾರೆ. ಅಷ್ಟು ಹೆಸರಿಲ್ಲದ ಬಾಟಲಿಗಳಿಗೆ ಅರ್ಜಿಗಳು ಕಡಿಮೆ, ಗೆಲ್ಲುವ ಸಾಧ್ಯತೆ ಹೆಚ್ಚು. ಓಲ್ಡ್ ಫಿಟ್ಜರಾಲ್ಡ್ ಬಾಟಲ್ಡ್-ಇನ್-ಬಾಂಡ್ ಅಂಥದ್ದಕ್ಕೆ ತಪ್ಪದೆ ಅರ್ಜಿ ಹಾಕಿ. ಯಾವ ಅಂಗಡಿಗೆ ಯಾವಾಗ ಮಾಲು ಬರುತ್ತದೆ ಎಂಬ ಪಟ್ಟಿ ಕೊಡುತ್ತೇನೆಂದು ಯಾರಾದರೂ ಹಣ ಕೇಳಿದರೆ ದೂರವಿರಿ. ನಿಮ್ಮ ರಾಜ್ಯದಲ್ಲೇ ಅಂಥ ಒಳಗಿನ ಮಾಹಿತಿ ಮಾರಿದ ಪ್ರಕರಣ 2022ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದೆ.

ಟೆಕ್ಸಾಸಿನ ಗೆಳೆಯರ ದಾರಿ ಬೇರೆ. ಅಲ್ಲಿ ವಿತರಕರು ತಮ್ಮ ಉಳಿದ ಸರಕನ್ನು ಯಾವ ಅಂಗಡಿ ಹೆಚ್ಚು ಎತ್ತುತ್ತದೋ ಅದಕ್ಕೆ ಅಪರೂಪದ ಪೆಟ್ಟಿಗೆ ಕೊಡುತ್ತಾರೆ. ಅಂಗಡಿಯವರು ಅದನ್ನು ತಮ್ಮ ಕಾಯಂ ಗಿರಾಕಿಗಳಿಗೆ ಎತ್ತಿಡುತ್ತಾರೆ. ಮೊದಲ ದಿನವೇ ಹೋಗಿ 'ಒಳಗಡೆ ಏನಾದರೂ ಇದೆಯಾ' ಎಂದು ಕೇಳಿದರೆ ಸಿಗುವ ಉತ್ತರ ಒಂದೇ. ಮನೆಗೆ ಬೇಕಾದ ವೈನು, ಬಿಯರು ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಳ್ಳಿ. ವಿತರಕರ ಲಾರಿ ಯಾವ ವಾರ ಬರುತ್ತದೆ ಎಂದು ಕೇಳಿಟ್ಟುಕೊಂಡು ಅಂದು ಮಧ್ಯಾಹ್ನ ಹೋಗಿ. ಟೆಕ್ಸಾಸಿನಲ್ಲಿ ಭಾನುವಾರ ಮದ್ಯದಂಗಡಿಗಳು ಮುಚ್ಚಿರುವುದರಿಂದ ಶನಿವಾರ ಸಂಜೆಯ ಹೊತ್ತಿಗೆ ಶೆಲ್ಫ್ ಖಾಲಿಯಾಗಿರುತ್ತದೆ. ನಾಲ್ಕು ಬೇಡದ ಬಾಟಲಿ ಕೊಂಡರೆ ಒಂದು ಬ್ಲಾಂಟನ್ಸ್ ಎಂಬ ಕಟ್ಟು ಮುಂದಿಟ್ಟರೆ, ಆ ನಾಲ್ಕರಲ್ಲಿ ನೀವು ಹೇಗೂ ಕೊಳ್ಳುತ್ತಿದ್ದವು ಎಷ್ಟು ಎಂದು ನೋಡಿ. ಉಳಿದವುಗಳ ಪೂರ್ತಿ ಬೆಲೆಯನ್ನು ಬ್ಲಾಂಟನ್ಸ್ ಮೇಲೆ ಹೇರಿದರೆ ಅದರ ನಿಜವಾದ ಬೆಲೆ ತಿಳಿಯುತ್ತದೆ.

ಕಾಲವೂ ಮುಖ್ಯ. ಓಲ್ಡ್ ಫಾರೆಸ್ಟರ್ ಬರ್ತ್‌ಡೇ ಬರ್ಬನ್ ಸೆಪ್ಟೆಂಬರ್ ಆರಂಭದ್ದು, ಸ್ಥಾಪಕ ಜಾರ್ಜ್ ಗಾರ್ವಿನ್ ಬ್ರೌನ್ ಹುಟ್ಟಿದ್ದು ಸೆಪ್ಟೆಂಬರ್ 2. ಬಫಲೊ ಟ್ರೇಸ್ ಡಿಸ್ಟಿಲರಿಯ (ಮದ್ಯ ಬಟ್ಟಿಯಿಳಿಸುವ ಕಾರ್ಖಾನೆ) ಆಂಟೀಕ್ ಕಲೆಕ್ಷನ್, ವ್ಯಾನ್ ವಿಂಕಲ್ ಎರಡೂ ವರ್ಷದ ಕೊನೆಯ ತಿಂಗಳುಗಳಲ್ಲಿ ಬರುತ್ತವೆ. ಓಲ್ಡ್ ಫಿಟ್ಜರಾಲ್ಡ್ ವಸಂತಕ್ಕೊಮ್ಮೆ, ಎಲೆ ಉದುರುವ ಕಾಲಕ್ಕೊಮ್ಮೆ. ಬ್ಲಾಂಟನ್ಸ್, ಈಗಲ್ ರೇರ್, ವೆಲ್ಲರ್ ಸ್ಪೆಷಲ್ ರಿಸರ್ವ್ ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಬರುತ್ತಿರುತ್ತವೆ. ಇವಕ್ಕಾಗಿ ಡಿಸೆಂಬರಿನ ಸರದಿಯಲ್ಲಿ ನಿಲ್ಲಬೇಕಾಗಿಲ್ಲ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಅಂಗಡಿಯವರೇ ಒಂದು ಪೀಪಾಯಿ ಆರಿಸಿ ತುಂಬಿಸಿಕೊಂಡ 'ಸ್ಟೋರ್ ಪಿಕ್' ಬಾಟಲಿಗಳನ್ನು ಬೇಟೆಗಾರರು ದಾಟಿಹೋಗುತ್ತಾರೆ. ರಸೆಲ್ಸ್ ರಿಸರ್ವ್, ಫೋರ್ ರೋಸಸ್‌ಗಳ ಇಂಥ ಬಾಟಲಿ ಸಿಕ್ಕರೆ ಬಿಡಬೇಡಿ. ಒಂದು ಪೀಪಾಯಿಯಿಂದ ಬರುವುದು ಹೆಚ್ಚೆಂದರೆ ಇನ್ನೂರು ಚಿಲ್ಲರೆ ಬಾಟಲಿ. ಅಪರೂಪವೆನ್ನುವುದಾದರೆ ಪ್ರತಿವರ್ಷ ಬರುವ ಬ್ಲಾಂಟನ್ಸ್‌ಗಿಂತ ಇದೇ ಹೆಚ್ಚು ಅಪರೂಪ.

ಪ್ರಶ್ನೆ: ವೆಲ್ಲರ್ 12 ಮತ್ತು ಪ್ಯಾಪಿ ಒಳಗೆ ಒಂದೇ ಎನ್ನುತ್ತಾರೆ. ನಿಜವೇ? ನಿಜವಾದರೆ ಬೆಲೆಯಲ್ಲಿ ಇಷ್ಟು ಅಂತರವೇಕೆ?
(ಫ್ರಿಸ್ಕೊ, ಟೆಕ್ಸಾಸ್)

ಉತ್ತರ: ಅರ್ಧ ನಿಜ. ಎರಡನ್ನೂ ಇಳಿಸುವುದು ಕೆಂಟಕಿಯ ಫ್ರಾಂಕ್‌ಫರ್ಟ್‌ನಲ್ಲಿರುವ ಬಫಲೊ ಟ್ರೇಸ್ ಡಿಸ್ಟಿಲರಿಯಲ್ಲಿ. ಎರಡಕ್ಕೂ ಮೆಕ್ಕೆಜೋಳದ ಜತೆ ರೈ ಎಂಬ ಧಾನ್ಯದ ಬದಲು ಗೋಧಿ. ವ್ಯಾನ್ ವಿಂಕಲ್ ಮನೆತನ 2002ರಿಂದ ಈ ಡಿಸ್ಟಿಲರಿಯ ಜತೆ ಒಪ್ಪಂದದಲ್ಲಿದೆ. ಅಲ್ಲಿಂದ ಮುಂದೆ ದಾರಿ ಬೇರೆಯಾಗುತ್ತದೆ: ಪೀಪಾಯಿ ಉಗ್ರಾಣದ ಯಾವ ಮಹಡಿಯಲ್ಲಿ ಮಲಗಿತ್ತು, ಎಷ್ಟು ವರ್ಷ ಮಲಗಿತ್ತು, ಕೊನೆಗೆ ಯಾರ ನಾಲಿಗೆ ಅದನ್ನು ಆರಿಸಿತು. ಮೇಲಿನ ಮಹಡಿಗಳಲ್ಲಿ ಬೇಸಿಗೆಯ ಶಾಖ ಹೆಚ್ಚು, ಮರದ ಸಾರ ಬೇಗ ಇಳಿಯುತ್ತದೆ. ಕೆಳಗಿನ ಮಹಡಿಗಳಲ್ಲಿ ನಿಧಾನ. ಇಪ್ಪತ್ತು ವರ್ಷ ತಡೆಯಬೇಕಾದ ಪೀಪಾಯಿಗೆ ತಂಪಾದ ಜಾಗವೇ ಸರಿ.

ಪ್ಯಾಪಿಯ ಕೀರ್ತಿ ಹುಟ್ಟಿದ್ದು ಸ್ಟಿಟ್ಜೆಲ್-ವೆಲ್ಲರ್ ಡಿಸ್ಟಿಲರಿಯ ಹಳೆಯ ದಾಸ್ತಾನಿನಿಂದ. ಲೂಯಿವಿಲ್ ಬಳಿಯ ಆ ಡಿಸ್ಟಿಲರಿ 1992ರಲ್ಲಿ ಇಳಿಸುವುದನ್ನು ನಿಲ್ಲಿಸಿತು. ಇಂದು ಅಂಗಡಿಗೆ ಹೊಸದಾಗಿ ಬರುವ ಬಾಟಲಿಯಲ್ಲಿ ಆ ದ್ರವವನ್ನು ಹುಡುಕಿ ಫಲವಿಲ್ಲ. ಬೆಲೆಯ ಅಂತರಕ್ಕೆ ಅರ್ಧ ಕಾರಣ ಆ ಹೆಸರು. ಇನ್ನರ್ಧ ಆವಿ: ಕೆಂಟಕಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 3ರಿಂದ 5ರಷ್ಟು ಹಾರಿಹೋಗುತ್ತದೆ. ವರ್ಷಕ್ಕೆ ಶೇ 4ರಂತೆ ಲೆಕ್ಕ ಹಾಕಿ, 200 ಲೀಟರಿನ ಪೀಪಾಯಿಯಲ್ಲಿ 12 ವರ್ಷಕ್ಕೆ ಸುಮಾರು 120 ಲೀಟರ್, 23 ವರ್ಷಕ್ಕೆ ಸುಮಾರು 78 ಲೀಟರ್ ಉಳಿಯುತ್ತದೆ.

ಅಭಿಮಾನಿಗಳಲ್ಲಿ 'ಬಡವರ ಪ್ಯಾಪಿ' ಎಂಬ ಒಂದು ಬೆರಕೆ ಚಾಲ್ತಿಯಲ್ಲಿದೆ: ವೆಲ್ಲರ್ ಆಂಟೀಕ್ 107 ಆರು ಪಾಲು, ವೆಲ್ಲರ್ 12 ನಾಲ್ಕು ಪಾಲು. ಮೊದಲನೆಯದು 107 ಪ್ರೂಫ್ (ಪ್ರೂಫ್ ಎಂದರೆ ಆಲ್ಕೋಹಾಲಿನ ಶೇಕಡಾದ ಎರಡರಷ್ಟು), ಎರಡನೆಯದು 90, ಬೆರಕೆ 100ರ ಆಸುಪಾಸು ಬರುತ್ತದೆ. 60 ಮಿ.ಲೀ. ಮತ್ತು 40 ಮಿ.ಲೀ. ಅಳೆದು ಸಣ್ಣ ಶುಚಿ ಬಾಟಲಿಗೆ ಹಾಕಿ, ಮುಚ್ಚಿ, ಎರಡು ವಾರ ಬಿಟ್ಟು ಕುಡಿಯಿರಿ. ಬೆರೆಸಿದ ದಿನವೇ ಕುಡಿದರೆ ಆಲ್ಕೋಹಾಲಿನ ಉರಿಯೂ ಸಿಹಿಯೂ ಒಂದಕ್ಕೊಂದು ಹೊಂದಿರುವುದಿಲ್ಲ. ಈಗ ವೆಲ್ಲರ್ ಕೂಡ ಸಿಗುವುದು ಕಷ್ಟ, ನಿಜ. ಗೋಧಿ ಬರ್ಬನ್‌ನ ಮೆದು ಸಿಹಿ ಬೇಕೆಂದರೆ ಮೇಕರ್ಸ್ ಮಾರ್ಕ್ ಕ್ಯಾಸ್ಕ್ ಸ್ಟ್ರೆಂತ್, ಲಾರ್ಸನಿ ಇವೆ. ಬೇಟೆಯಿಲ್ಲದೆ ಸಿಗುತ್ತವೆ, ಪ್ಯಾಪಿಯ ಪಕ್ಕದಲ್ಲಿ ಲೇಬಲ್ ಮುಚ್ಚಿ ಇಟ್ಟರೆ ನಾಚುವಂಥವಲ್ಲ.

ಪ್ರಶ್ನೆ: ಲೇಬಲ್ ಮೇಲಿನ ಸಂಕೇತಗಳನ್ನು ಹೇಗೆ ಓದಬೇಕು? ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್ ಎರಡು ಬಾಟಲಿ ಕೊಂಡೆ, ಎರಡರ ರುಚಿಯೂ ಬೇರೆ.
(ಎಡಿಸನ್, ನ್ಯೂಜೆರ್ಸಿ)

ಉತ್ತರ: ಬೇರೆಯೇ ಇರಬೇಕು. ಬ್ಯಾರೆಲ್ ಪ್ರೂಫ್ ಎಂದರೆ ಪೀಪಾಯಿಯಿಂದ ತೆಗೆದ ಮೇಲೆ ನೀರು ಬೆರೆಸದ್ದು, ಪ್ರತಿ ಕಂತಿನ ಪೀಪಾಯಿಗಳೂ ಬೇರೆ. ಸಂಕೇತದ ಮೊದಲ ಅಕ್ಷರ ವರ್ಷದ ಎಷ್ಟನೆಯ ಕಂತು ಎಂದು ಹೇಳುತ್ತದೆ: ಎ, ಬಿ, ಸಿ. ನಂತರದ ಅಂಕಿ ತಿಂಗಳು, ಕೊನೆಯ ಎರಡು ಅಂಕಿ ವರ್ಷ. ಸಿ923 ಎಂದರೆ 2023ರ ಮೂರನೇ ಕಂತು, ಸೆಪ್ಟೆಂಬರ್: ವಯಸ್ಸು 13 ವರ್ಷ 7 ತಿಂಗಳು, 133 ಪ್ರೂಫ್. ಅದರ ಮರುಕಂತು ಎ124 ಕೇವಲ 10 ವರ್ಷ 9 ತಿಂಗಳು, 119 ಪ್ರೂಫ್. ಮೂರು ವರ್ಷದಷ್ಟು ಅಂತರವಿರುವ ಎರಡು ಬಾಟಲಿಗಳ ಹೊರಮೈ ಒಂದೇ. ಗೆಳೆಯರೊಬ್ಬರು ಹೊಗಳಿದರೆಂದು ಕೊಳ್ಳುವಾಗ ಯಾವ ಕಂತನ್ನು ಹೊಗಳಿದರು ಎಂದು ಕೇಳಲೇಬೇಕು. ಲಾರ್ಸನಿ ಬ್ಯಾರೆಲ್ ಪ್ರೂಫ್‌ಗೂ ಇದೇ ಸಂಕೇತ ಕ್ರಮ, ಎರಡೂ ಹೆವನ್ ಹಿಲ್ ಕಂಪನಿಯವು.

ಫೋರ್ ರೋಸಸ್‌ನ ನಾಲ್ಕಕ್ಷರ ಇನ್ನೂ ಸೊಗಸು. ಅವರಲ್ಲಿ ಎರಡು ಧಾನ್ಯದ ಪಾಕ, ಐದು ಯೀಸ್ಟ್, ಒಟ್ಟು ಹತ್ತು ಬಗೆ. ಮೊದಲಿನ 'ಓ' ಮತ್ತು ಮೂರನೆಯ 'ಎಸ್' ಯಾವಾಗಲೂ ಒಂದೇ. ಎರಡನೆಯದು 'ಇ' ಆದರೆ ಮೆಕ್ಕೆಜೋಳ ಶೇ 75, ರೈ ಶೇ 20. 'ಬಿ' ಆದರೆ ಮೆಕ್ಕೆಜೋಳ ಶೇ 60, ರೈ ಶೇ 35. ಉಳಿದ ಶೇ 5 ಎರಡರಲ್ಲೂ ಮೊಳಕೆ ಬಾರ್ಲಿ. ಕೊನೆಯ ಅಕ್ಷರ ಯೀಸ್ಟ್: 'ವಿ' ನವಿರಾದ ಹಣ್ಣು, 'ಕೆ' ಮಸಾಲೆ, 'ಓ' ಗಾಢ ಹಣ್ಣು, 'ಕ್ಯೂ' ಹೂವು, 'ಎಫ್' ಗಿಡಮೂಲಿಕೆ. ರೈ ಖಾರ ಇಷ್ಟವಿದ್ದರೆ ಓಬಿಎಸ್‌ಕೆ ಹುಡುಕಿ, ಹಣ್ಣು ಬೇಕಾದರೆ ಓಇಎಸ್‌ಓ. ಇಷ್ಟು ವಿವರವನ್ನು ಬಾಟಲಿಯ ಮೇಲೇ ಬರೆದುಕೊಡುವ ಡಿಸ್ಟಿಲರಿಗಳು ಕಡಿಮೆ.

ಡಿಎಸ್‌ಪಿ ಎಂಬ ಸಂಖ್ಯೆ ಕಂಡರೆ ಅದು ಡಿಸ್ಟಿಲರಿಯ ನೋಂದಣಿ. ಕೆಂಟಕಿಯ 113 ಬಫಲೊ ಟ್ರೇಸ್, 1 ಹೆವನ್ ಹಿಲ್‌ನ ಬರ್ನ್‌ಹೈಮ್. ಬಾಟಲ್ಡ್-ಇನ್-ಬಾಂಡ್ ಎಂದಿದ್ದರೆ 1897ರ ಕಾಯ್ದೆಯ ಪ್ರಕಾರ ಒಂದೇ ಡಿಸ್ಟಿಲರಿಯ ಒಂದೇ ಹಂಗಾಮಿನ ಮದ್ಯ, ಕನಿಷ್ಠ 4 ವರ್ಷ, ಸರಿಯಾಗಿ 100 ಪ್ರೂಫ್. ಬರಿದೇ ಸ್ಟ್ರೇಟ್ ಎಂದಿದ್ದರೆ ಕನಿಷ್ಠ 2 ವರ್ಷ, 4 ವರ್ಷಕ್ಕಿಂತ ಕಡಿಮೆಯಿದ್ದರೆ ವಯಸ್ಸನ್ನು ಮುದ್ರಿಸಲೇಬೇಕು. ಸ್ಮಾಲ್ ಬ್ಯಾಚ್ ಎಂಬ ಪದಕ್ಕೆ ಕಾನೂನಿನಲ್ಲಿ ಅರ್ಥವೇ ಇಲ್ಲ. ಅದನ್ನು ನೋಡಿ ಒಂದು ಡಾಲರ್ ಕೂಡ ಹೆಚ್ಚು ಕೊಡಬೇಡಿ.

ಪ್ರಶ್ನೆ: ಐದಾರು ಗೆಳೆಯರು ಸೇರಿ ಬಾಟಲಿ ಹೋಲಿಸುತ್ತೇವೆ. ಪ್ರತಿ ಸಲ ದುಬಾರಿ ಬಾಟಲಿಯೇ ಗೆಲ್ಲುತ್ತದೆ. ಲೇಬಲ್ ಕಾಣದಂತೆ ಹೋಲಿಸಲು ಸರಿಯಾದ ಕ್ರಮ ಹೇಳಿ.
(ಸನ್ನಿವೇಲ್, ಕ್ಯಾಲಿಫೋರ್ನಿಯಾ)

ಉತ್ತರ: ಬಾಟಲಿ ಮೇಜಿನ ಮೇಲಿರುವ ತನಕ ದುಬಾರಿಯದೇ ಗೆಲ್ಲುತ್ತದೆ. ನಾಲಿಗೆಗಿಂತ ಮೊದಲು ಕಣ್ಣು ತೀರ್ಪು ಕೊಟ್ಟಿರುತ್ತದೆ.

ಒಬ್ಬರು ಸುರಿಯುವವರಾಗಲಿ, ಅವರು ಆ ದಿನ ಕುಡಿಯುವುದು ಬೇಡ. ಅವರು ಬೇರೆ ಕೋಣೆಯಲ್ಲಿ ಗ್ಲಾಸಿನ ತಳಕ್ಕೆ ಸಂಖ್ಯೆ ಅಂಟಿಸಿ, ಅಳತೆ ಲೋಟದಿಂದ ತಲಾ 15 ಮಿ.ಲೀ. ಹಾಕಲಿ. ಕಣ್ಣಂದಾಜಿನಲ್ಲಿ ಸುರಿಯಬಾರದು, ಹೆಚ್ಚು ಸುರಿದ ಗ್ಲಾಸಿನ ವಾಸನೆ ಜೋರಾಗಿ ಬರುತ್ತದೆ. ಗ್ಲೆನ್‌ಕೇರ್ನ್‌ನಂಥ ಬಾಯಿ ಕಿರಿದಾದ ಗ್ಲಾಸುಗಳು, ಎಲ್ಲರಿಗೂ ಒಂದೇ ಆಕಾರದವು. ಮೇಲೆ ತಟ್ಟೆ ಮುಚ್ಚಿ 10 ನಿಮಿಷ ಬಿಡಿ. ಅಡುಗೆಮನೆಯ ಪಕ್ಕ ಬೇಡ: ಒಗ್ಗರಣೆಯ ವಾಸನೆ ಒಂದು ಗಂಟೆಯಾದರೂ ಹೋಗುವುದಿಲ್ಲ. ಊದುಬತ್ತಿ, ಸೆಂಟು, ಎಲೆಯಡಿಕೆ ಅಂದು ಬೇಡ.

ಪ್ರೂಫ್ ಹತ್ತಿರವಿರುವ ಬಾಟಲಿಗಳನ್ನೇ ಹೋಲಿಸಿ. 90 ಪ್ರೂಫಿನ ಈಗಲ್ ರೇರ್ ಪಕ್ಕದಲ್ಲಿ 130 ಪ್ರೂಫಿನ ಸ್ಟ್ಯಾಗ್ ಇಟ್ಟರೆ ನೀವು ಹೋಲಿಸುತ್ತಿರುವುದು ಆಲ್ಕೋಹಾಲನ್ನೇ ಹೊರತು ಬರ್ಬನನ್ನಲ್ಲ. ಇಡಲೇಬೇಕಾದರೆ ಸ್ಟ್ಯಾಗ್‌ಗೆ ನೀರು ಬೆರೆಸಿ 90ಕ್ಕೆ ತನ್ನಿ, ಲೆಕ್ಕ ಮುಂದಿನ ಉತ್ತರದಲ್ಲಿದೆ. ಮೊದಲ ಗುಟುಕನ್ನು ಯಾರೂ ಸರಿಯಾಗಿ ಅಳೆಯಲಾರರು. ಲೆಕ್ಕಕ್ಕಿಲ್ಲದ ಸಾದಾ ಬರ್ಬನ್ ಒಂದು ಗುಟುಕು ಕುಡಿದು ಬಾಯಿ ಹದ ಮಾಡಿಕೊಂಡು ಶುರು ಮಾಡಿ. ಪ್ರತಿಯೊಬ್ಬರಿಗೂ ಗ್ಲಾಸುಗಳ ಕ್ರಮ ಬೇರೆಯಿರಲಿ. ಕೊನೆಯ ಗ್ಲಾಸಿಗೆ ಬರುವ ಹೊತ್ತಿಗೆ ಎಲ್ಲರ ನಾಲಿಗೆಯೂ ಮಂದವಾಗಿರುತ್ತದೆ. ಒಂದೇ ಬಾಟಲಿ ಎಲ್ಲರಿಗೂ ಕೊನೆಯದಾದರೆ ಅದಕ್ಕೆ ಅನ್ಯಾಯ.

ಅಂಕ ಬರೆಯುವವರೆಗೆ ಮಾತು ಬೇಡ. ಒಬ್ಬರು 'ಬಾಳೆಹಣ್ಣು' ಎಂದರೆ ಸಾಕು, ಉಳಿದ ನಾಲ್ವರಿಗೂ ಬಾಳೆಹಣ್ಣೇ ಸಿಗುತ್ತದೆ.

ಈ ಇಡೀ ಕ್ರಮದಲ್ಲಿ ಒಂದನ್ನೇ ಮಾಡುವಿರಾದರೆ ಇದನ್ನು ಮಾಡಿ: ಐದು ಬಾಟಲಿಗೆ ಆರು ಗ್ಲಾಸು, ಯಾವುದಾದರೂ ಒಂದು ಬಾಟಲಿಯನ್ನು ಗುಟ್ಟಾಗಿ ಎರಡು ಸಲ ಸುರಿಯುವುದು. ಆ ಒಂದೇ ಬರ್ಬನ್‌ಗೆ ನೀವು ಒಮ್ಮೆ 7, ಇನ್ನೊಮ್ಮೆ 5 ಕೊಟ್ಟಿದ್ದರೆ, ಬೇರೆ ಬಾಟಲಿಗಳ ನಡುವಿನ ಎರಡಂಕದ ಅಂತರಕ್ಕೂ ಬೆಲೆಯಿಲ್ಲ ಎಂದಾಯಿತು.

ಎರಡೇ ಬಾಟಲಿಗಳ ನಡುವೆ ವ್ಯತ್ಯಾಸ ಗೊತ್ತಾಗುತ್ತದೆಯೇ ನೋಡಬೇಕಾದರೆ ಮೂರು ಗ್ಲಾಸು ಸಾಕು: ಎರಡರಲ್ಲಿ ಒಂದೇ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಎಂದು ಹೇಳಬೇಕು. ಬರೀ ಊಹೆಯಲ್ಲೂ ಮೂರಕ್ಕೆ ಒಂದು ಸಲ ಸರಿಯಾಗುವುದರಿಂದ ಒಮ್ಮೆ ಸರಿ ಹೇಳಿದ್ದು ಏನನ್ನೂ ತೋರಿಸುವುದಿಲ್ಲ. ಆರು ಸಲ ಮಾಡಿ ಐದು ಸಲ ಸರಿಯಾದರೆ ನಂಬಬಹುದು. ಊಹೆಯಿಂದ ಐದು ಅಥವಾ ಆರು ಸರಿಯಾಗುವ ಸಾಧ್ಯತೆ ಶೇ 2ಕ್ಕಿಂತ ಕಡಿಮೆ. ನಾಲ್ಕು ಸರಿಯಾಗಿದ್ದರೆ ಸಾಲದು, ಊಹೆಯಲ್ಲಿ ನಾಲ್ಕೋ ಹೆಚ್ಚೋ ಸರಿಯಾಗುವ ಸಾಧ್ಯತೆ ಶೇ 10ರಷ್ಟಿದೆ. ಆರನ್ನೂ ಒಂದೇ ದಿನ ಮಾಡಬೇಡಿ, ಮೂರು ದಿನಕ್ಕೆ ಹಂಚಿ.

ಶೇ 60 ಆಲ್ಕೋಹಾಲಿನ ಆರು ಗ್ಲಾಸನ್ನು, ತಲಾ 15 ಮಿ.ಲೀ.ಯಂತೆ, ಪೂರ್ತಿ ನುಂಗಿದರೆ ಅಮೆರಿಕದ ಲೆಕ್ಕದಲ್ಲಿ ಮೂರು ಡ್ರಿಂಕ್ ಆಯಿತು. ಉಗುಳಲು ಒಂದು ಕಪ್ಪು ಇಡಿ, ಯಾರೂ ಕಾರು ಓಡಿಸಿಕೊಂಡು ಹೋಗಬೇಡಿ.

ಪ್ರಶ್ನೆ: ಬ್ಯಾರೆಲ್ ಪ್ರೂಫ್ ಬರ್ಬನ್ ಬಾಯಿ ಸುಡುತ್ತದೆ. ನೀರು ಎಷ್ಟು ಹಾಕಬೇಕು?
(ಮೈಸೂರು)

ಉತ್ತರ: ಗ್ಲಾಸಿನಲ್ಲಿರುವ ಮಿ.ಲೀ.ಯನ್ನು ಈಗಿನ ಶೇಕಡಾದಿಂದ ಗುಣಿಸಿ, ಬೇಕಾದ ಶೇಕಡಾದಿಂದ ಭಾಗಿಸಿ, ಮೊದಲಿನ ಮಿ.ಲೀ. ಕಳೆಯಿರಿ. ಶೇ 65ರ 30 ಮಿ.ಲೀ.ಯನ್ನು ಶೇ 50ಕ್ಕೆ ತರಲು 30 ಗುಣಿಲೆ 65 ಭಾಗಿಲೆ 50, ಅಂದರೆ 39. ನೀರು 9 ಮಿ.ಲೀ. ಔಷಧಿ ಅಂಗಡಿಯ ಸೂಜಿಯಿಲ್ಲದ ಸಿರಿಂಜು ಇದಕ್ಕೆ ಸರಿಯಾದ ಸಾಧನ. ನೀರು ಗಡುಸಿರಬಾರದು, ಕೋಣೆಯ ಶಾಖದಲ್ಲಿರಲಿ. ಹಾಕಿದ ಕೂಡಲೇ ತೀರ್ಪು ಬೇಡ, ಐದು ನಿಮಿಷ ಬಿಡಿ. ಐಸ್ ಹಾಕಿದರೆ ವಾಸನೆ ಮುಚ್ಚಿಹೋಗುತ್ತದೆ, ಹೋಲಿಸುವಾಗ ಬೇಡ. ಅಮೆರಿಕದ ಪ್ರೂಫ್ ಎಂದರೆ ಶೇಕಡಾದ ಎರಡರಷ್ಟು ಎಂಬುದು ನೆನಪಿರಲಿ.

ಪ್ರಶ್ನೆ: ವಯಸ್ಸಾದಷ್ಟೂ ಬರ್ಬನ್ ರುಚಿಯೇ? ಸ್ಕಾಚ್ 25 ವರ್ಷ ತಡೆಯುತ್ತದಲ್ಲ. ನಮ್ಮ ಬೆಂಗಳೂರಿನ ಮಾಲ್ಟ್ ವಿಸ್ಕಿಗೂ ಬರ್ಬನ್‌ಗೂ ಏನಾದರೂ ನಂಟಿದೆಯೇ?
(ಶಿವಮೊಗ್ಗ)

ಉತ್ತರ: ಸ್ಕಾಚ್ ತಡೆಯಲು ಕಾರಣ ಬಳಸಿದ ಪೀಪಾಯಿ, ತಂಪು ಹವೆ. ಬರ್ಬನ್‌ಗೆ ಕಾನೂನು ಪ್ರಕಾರ ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯೇ ಆಗಬೇಕು, ಅದಕ್ಕೆ ಹಾಕುವಾಗ 125 ಪ್ರೂಫ್ ಮೀರಬಾರದು. ಬಣ್ಣ, ಪರಿಮಳ ಬೆರೆಸುವಂತಿಲ್ಲ. ಬಣ್ಣವೆಲ್ಲ ಮರದ್ದೇ, ರುಚಿಯ ದೊಡ್ಡ ಪಾಲೂ ಮರದ್ದೇ. ಮರದ ಲಿಗ್ನಿನ್ ಒಡೆದು ವೆನಿಲ್ಲಾ, ಲ್ಯಾಕ್ಟೋನ್‌ನಿಂದ ಕೊಬ್ಬರಿ, ಯೂಜಿನಾಲ್‌ನಿಂದ ಲವಂಗ, ಸುಟ್ಟ ಹೆಮಿಸೆಲ್ಯುಲೋಸ್‌ನಿಂದ ಕಾಯಿಸಿದ ಬೆಲ್ಲದ ಪರಿಮಳ. ಹೊಸ ಮರದಲ್ಲಿ ಇವೆಲ್ಲ ಬೇಗ ಬರುತ್ತವೆ. ಆಮೇಲೆಯೂ ಟ್ಯಾನಿನ್ ಬರುತ್ತಲೇ ಇರುತ್ತದೆ. 15 ದಾಟಿದ ಎಷ್ಟೋ ಬರ್ಬನ್‌ಗಳಲ್ಲಿ ಎಳೆ ಅಡಿಕೆ ಜಗಿದಂಥ ಒಗರು ನಾಲಿಗೆಯ ಬದಿಗೆ ಹಿಡಿಯುತ್ತದೆ. 8ರಿಂದ 12 ವರ್ಷದ ನಡುವೆ ಸಿಹಿ, ಧಾನ್ಯ, ಮರ ಮೂರೂ ಸಮತೂಕದಲ್ಲಿರುವ ಬಾಟಲಿಗಳು ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. 20 ದಾಟಿದ್ದಕ್ಕೆ ನೀವು ಕೊಡುವುದು ಅಪರೂಪದ ಬೆಲೆ.

ನಂಟು ಇದೆ, ಗಟ್ಟಿಯಾಗಿಯೇ ಇದೆ. ಬರ್ಬನ್‌ಗೆ ಪ್ರತಿ ಸಲವೂ ಹೊಸ ಮರ ಬೇಕಾದ್ದರಿಂದ ಖಾಲಿಯಾದ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹೋಗುತ್ತವೆ, ಬೆಂಗಳೂರಿಗೂ ಗೋವಾಕ್ಕೂ ಬರುತ್ತವೆ. ಅಮೃತ್ ಮತ್ತು ಪಾಲ್ ಜಾನ್ ಎರಡೂ ತಮ್ಮ ಮಾಲ್ಟ್ ಅನ್ನು ಅಂಥ ಪೀಪಾಯಿಗಳಲ್ಲಿ ಹದ ಮಾಡುತ್ತವೆ. ಪಾಲ್ ಜಾನ್ ತಯಾರಿಸುವ ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನಲ್ಲಿ ಬಫಲೊ ಟ್ರೇಸ್‌ನ ಒಡೆಯರಾದ ಸ್ಯಾಜರಾಕ್‌ಗೆ ಪಾಲೂ ಇದೆ. ಬೆಂಗಳೂರಿನಲ್ಲಿ ಆವಿಯಾಗುವುದು ವರ್ಷಕ್ಕೆ ಶೇ 10ಕ್ಕೂ ಮೇಲೆ, ಹಾಗಾಗಿ ಇಲ್ಲಿನ ಮಾಲ್ಟ್ ನಾಲ್ಕೈದು ವರ್ಷಕ್ಕೇ ಹದಕ್ಕೆ ಬರುತ್ತದೆ. ಸಾದಾ ಬಫಲೊ ಟ್ರೇಸ್ ಒಂದು ಗ್ಲಾಸು, ಅಮೃತ್‌ನ ಹೊಗೆಯಿಲ್ಲದ ಸಿಂಗಲ್ ಮಾಲ್ಟ್ ಒಂದು ಗ್ಲಾಸು ಪಕ್ಕದಲ್ಲಿಟ್ಟು ಮೂಸಿ ನೋಡಿ. ಎರಡರಲ್ಲೂ ಸಿಗುವ ವೆನಿಲ್ಲಾ, ಕೊಬ್ಬರಿ ಅಮೆರಿಕದ ಬಿಳಿ ಓಕ್‌ನದು. ಒಂದರಲ್ಲಿ ಮೆಕ್ಕೆಜೋಳದ ಎಣ್ಣೆಯಂಥ ಸಿಹಿ, ಇನ್ನೊಂದರಲ್ಲಿ ಬಾರ್ಲಿಯ ಬಿಸ್ಕತ್ತಿನ ವಾಸನೆ. ಧಾನ್ಯ ಯಾವುದು, ಮರ ಯಾವುದು ಎಂದು ಬೇರ್ಪಡಿಸಿ ಗುರುತಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಬ್ಬರು ಅಮೆರಿಕದಿಂದ ಪ್ಯಾಪಿ 15 ಮಾರುತ್ತಿದ್ದಾರೆ. ಅಸಲಿಯೇ ಎಂದು ತಿಳಿಯುವುದು ಹೇಗೆ?
(ದುಬೈ)

ಉತ್ತರ: ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಪರವಾನಗಿಯಿಲ್ಲದವರು ಮದ್ಯ ಮಾರುವುದೇ ಅಪರಾಧ, ಅಂಚೆಯಲ್ಲಿ ಕಳಿಸುವುದಂತೂ ನಿಷಿದ್ಧ. ಮೋಸವಾದರೆ ದೂರು ಕೊಡಲು ನಿಮಗೆ ಜಾಗವೇ ಇರುವುದಿಲ್ಲ. ಕೊಳ್ಳಬೇಡಿ ಎಂಬುದೇ ನಮ್ಮ ಸಲಹೆ.

ಬೇರೆ ಸಂದರ್ಭಕ್ಕೂ ಉಪಯೋಗವಾಗುವುದರಿಂದ ನೋಡಬೇಕಾದ್ದನ್ನು ಹೇಳುತ್ತೇವೆ. ಹೆಚ್ಚಿನ ನಕಲಿಗಳು ಅಸಲಿ ಖಾಲಿ ಬಾಟಲಿಗೆ ಅಗ್ಗದ ಬರ್ಬನ್ ತುಂಬಿದವು. ಲೇಬಲ್, ಗಾಜು ಎರಡೂ ಅಸಲಿಯೇ ಆದ್ದರಿಂದ ಅವನ್ನು ನೋಡಿ ಫಲವಿಲ್ಲ, ಬಾಯಿ ನೋಡಬೇಕು. ಮುಚ್ಚಳದ ಮೇಲಿನ ಹೊದಿಕೆಯ (ಕ್ಯಾಪ್ಸೂಲ್) ಅಂಚು ಸುಕ್ಕಾಗಿದೆಯೇ, ಹರಿಯುವ ಪಟ್ಟಿ ಇರಬೇಕಾದಲ್ಲಿ ಇದೆಯೇ, ಕುತ್ತಿಗೆಯಲ್ಲಿ ದ್ರವದ ಮಟ್ಟ ಅದೇ ಬಗೆಯ ಬೇರೆ ಬಾಟಲಿಗೆ ಸಮವೇ ನೋಡಿ. ಬಫಲೊ ಟ್ರೇಸ್‌ನ ಈಚಿನ ಬಾಟಲಿಗಳಲ್ಲಿ ಗಾಜಿನ ಮೇಲೆ ಲೇಸರ್ ಸಂಕೇತವಿರುತ್ತದೆ: 'ಎಲ್' ಅಕ್ಷರ, ವರ್ಷದ ಎರಡು ಅಂಕಿ, ವರ್ಷದ ಎಷ್ಟನೆಯ ದಿನ ಎಂಬ ಮೂರು ಅಂಕಿ. ಮಾರುವವರು ಹೇಳುವ ವರ್ಷಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಅಲ್ಲಿಗೇ ಬಿಡಿ. ಸಂಕೇತದ ಫೋಟೊ ಕೊಡಲು ಒಲ್ಲೆ ಎಂದರೂ ಅಷ್ಟೇ. ನಿಮ್ಮ ಮನೆಯ ಖಾಲಿ ಬಾಟಲಿಯನ್ನು ಯಾರಿಗೂ ಮಾರಬೇಡಿ, ಲೇಬಲ್ ಗೀಚಿ ಎಸೆಯಿರಿ. ಮುಂದಿನ ನಕಲಿ ಹುಟ್ಟುವುದು ಅದರಿಂದಲೇ.

ಕಾನೂನುಬದ್ಧ ದಾರಿಯೂ ಒಂದಿದೆ. ಕೆಂಟಕಿಯಲ್ಲಿ 2018ರಿಂದ ಪರವಾನಗಿ ಪಡೆದ ಅಂಗಡಿ, ಬಾರುಗಳು ಖಾಸಗಿಯವರಿಂದ ಹಳೆಯ ಬಾಟಲಿ ಕೊಂಡು ಮಾರಬಹುದು. ಲೂಯಿವಿಲ್, ಲೆಕ್ಸಿಂಗ್ಟನ್, ಬಾರ್ಡ್ಸ್‌ಟೌನ್‌ಗಳಲ್ಲಿ ಇವನ್ನು ಗ್ಲಾಸಿನ ಲೆಕ್ಕದಲ್ಲೂ ಕೊಡುತ್ತಾರೆ. ಬಾಟಲಿಗೆ ಸಾವಿರಾರು ಡಾಲರ್ ಕೊಡುವ ಮೊದಲು ಅರ್ಧ ಔನ್ಸ್, ಅಂದರೆ 15 ಮಿ.ಲೀ. ಕುಡಿದು ನೋಡಿ.

ಪ್ರಶ್ನೆ: ಮಗ ಅಮೆರಿಕದಿಂದ ಬರುತ್ತಿದ್ದಾನೆ. ಎಷ್ಟು ಬಾಟಲಿ ತರಬಹುದು? ಇಲ್ಲೇ ಬೆಲೆ ಇಳಿದಿದೆ ಎನ್ನುತ್ತಾರಲ್ಲ?
(ಜಯನಗರ, ಬೆಂಗಳೂರು)

ಉತ್ತರ: ಭಾರತಕ್ಕೆ ಬರುವವರಿಗೆ ಸುಂಕವಿಲ್ಲದೆ ತಲಾ 2 ಲೀಟರ್. ಅಮೆರಿಕದ ಬಾಟಲಿ 750 ಮಿ.ಲೀ., ಹಾಗಾಗಿ ಎರಡು ದೊಡ್ಡದು, ಒಂದು 375ರದು ಸೇರಿದರೂ ಮಿತಿಯೊಳಗಿರುತ್ತದೆ. ಮೂರು ದೊಡ್ಡದಾದರೆ ಮೀರಿತು. ವಿಮಾನದ ನಿಯಮ ಬೇರೆ: ಚೆಕ್-ಇನ್ ಸಾಮಾನಿನಲ್ಲಿ ಶೇ 70ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಬಾಟಲಿಗೆ ಅವಕಾಶವೇ ಇಲ್ಲ. 2016ರ ಜಾರ್ಜ್ ಟಿ. ಸ್ಟ್ಯಾಗ್ 144.1 ಪ್ರೂಫ್, ಅಂದರೆ ಶೇ 72. ಅಂಥದ್ದು ವಿಮಾನ ಹತ್ತುವಂತಿಲ್ಲ. ಬಾಟಲಿಗಳು ತೆರೆಯದವೇ ಆಗಿರಬೇಕು. ಕಾರ್ಕಿನ ಸುತ್ತ ಅಂಟುಪಟ್ಟಿ ಸುತ್ತಿ, ಒಂದೊಂದನ್ನೂ ಜಿಪ್ ಚೀಲಕ್ಕೆ ಹಾಕಿ, ಬಟ್ಟೆಯ ನಡುವೆ ಇಡಲಿ.

ಬೆಲೆಯ ಸುದ್ದಿ ಹೀಗೆ: 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿತು. ಅದರ ಮೇಲೆ ರಾಜ್ಯದ ಅಬಕಾರಿ ಇದ್ದೇ ಇದೆ. ಇಲ್ಲಿ ಸುಲಭವಾಗಿ ಸಿಗುವ ಜಿಮ್ ಬೀಮ್, ಮೇಕರ್ಸ್ ಮಾರ್ಕ್, ವುಡ್‌ಫೋರ್ಡ್ ರಿಸರ್ವ್‌ಗಳನ್ನು ಮಗನಿಂದ ತರಿಸಿ ಆ ಎರಡು ಲೀಟರನ್ನು ವ್ಯರ್ಥ ಮಾಡಬೇಡಿ. ವೈಲ್ಡ್ ಟರ್ಕಿ ರೇರ್ ಬ್ರೀಡ್, ನಾಬ್ ಕ್ರೀಕ್ 12, ಓಲ್ಡ್ ಫಾರೆಸ್ಟರ್ 1920 ಇವುಗಳಲ್ಲಿ ಎರಡನ್ನು ಹೇಳಿಕಳಿಸಿ. ಮೂರೂ ಅಲ್ಲಿ ಸರದಿ, ಲಾಟರಿ ಇಲ್ಲದೆ ಸಿಗುತ್ತವೆ.

ಪ್ರಶ್ನೆ: ತೆರೆದ ಬಾಟಲಿ ಎಷ್ಟು ದಿನ ಕೆಡದೆ ಇರುತ್ತದೆ? ಹಳೆಯ ಬಾಟಲಿಯ ಕಾರ್ಕ್ ಮುರಿದು ಒಳಗೆ ಬಿತ್ತು, ಏನು ಮಾಡಲಿ?
(ಹುಬ್ಬಳ್ಳಿ)

ಉತ್ತರ: ಅರ್ಧಕ್ಕಿಂತ ಹೆಚ್ಚಿದ್ದರೆ ಒಂದು ವರ್ಷ ಚಿಂತೆಯಿಲ್ಲ. ಮೂರನೇ ಒಂದಕ್ಕಿಂತ ಇಳಿದರೆ ಗಾಳಿ ಹೆಚ್ಚಾಗಿ ಹಣ್ಣಿನ ವಾಸನೆ ಮೊದಲು ಹೋಗುತ್ತದೆ, ಮರದ ಒಗರು ಉಳಿಯುತ್ತದೆ. ಅಷ್ಟರೊಳಗೆ 60 ಅಥವಾ 100 ಮಿ.ಲೀ.ಯ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿ, ಹೆಸರು, ಕಂತು, ದಿನಾಂಕ ಬರೆದಿಡಿ. ಬಾಟಲಿ ನೇರವಾಗಿ ನಿಂತಿರಲಿ. ವೈನ್‌ನಂತೆ ಮಲಗಿಸಿದರೆ ಈ ಮಟ್ಟದ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಬಿಸಿಲು ಬೀಳಬಾರದು.

ಮುರಿದ ಕಾರ್ಕ್‌ಗೆ ಹೆದರಬೇಡಿ. ಕಾಫಿ ಫಿಲ್ಟರ್ ಕಾಗದವನ್ನು ಮೊದಲು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಕಾಗದದ ವಾಸನೆ ಇಳಿಯುತ್ತದೆ. ಅದರ ಮೂಲಕ ಶುಚಿಯಾದ, ಒಣಗಿದ ಗಾಜಿನ ಪಾತ್ರೆಗೆ ಸೋಸಿ, ಬಾಟಲಿ ತೊಳೆದು ಪೂರ್ತಿ ಒಣಗಿಸಿ ಮತ್ತೆ ತುಂಬಿ. ಮುಚ್ಚಲು ಮುಗಿದುಹೋದ ಬೇರೆ ಬಾಟಲಿಯ ಕಾರ್ಕ್ ಬಳಸಿ. ಸಿಂಥೆಟಿಕ್ ಆದರೆ ಇನ್ನೂ ಒಳ್ಳೆಯದು. ಇನ್ನು ಮುಂದೆ ಬಾಟಲಿ ಮುಗಿದಾಗಲೆಲ್ಲ ಎರಡು ಮೂರು ಅಳತೆಯ ಮುಚ್ಚಳ ಎತ್ತಿಡಿ.